ತೊಲೆಯ ತುದಿ ಕಪ್ಪಾಗಿದೆ, ಮತ್ತೆ ವಾರ್ನಿಷ್ ಹೊಡೆಸಲೇ?

ಪ್ರಶ್ನೆ: ನಾಲ್ಕು ವರ್ಷದ ಹಿಂದೆ ಮನೆ ಮುಂದೆ ಪರ್ಗೋಲಾ (ಕಂಬಗಳ ಮೇಲೆ ತೊಲೆ ಕೂರಿಸಿದ, ನೆತ್ತಿ ತೆರೆದ ಮರದ ಚಪ್ಪರ) ಹಾಕಿಸಿದೆವು. ತೊಲೆಗಳು ಹಲಗೆಗಳನ್ನು ಪದರ ಪದರವಾಗಿ ಅಂಟಿಸಿ ಮಾಡಿದವು. ನಡುವಿನ ತೊಲೆಗೆ ಮೊಮ್ಮಕ್ಕಳ ಜೋಕಾಲಿ ಇದೆ. ವರ್ಷವರ್ಷ ವಾರ್ನಿಷ್ ಹೊಡೆಸಿದರೂ ಸಿಪ್ಪೆಯಂತೆ ಏಳುತ್ತದೆ. ಈಗ ಹೊರಗೆ ಚಾಚಿದ ತುದಿಗಳು ಕಪ್ಪಾಗಿವೆ, ಪಕ್ಕದಲ್ಲಿ ಉದ್ದಕ್ಕೂ ಸೀಳು ಬಿಟ್ಟಿವೆ. ಪುಟ್ಟಿ ತುಂಬಿ ಮತ್ತೆ ವಾರ್ನಿಷ್ ಹೊಡೆದರಾಯಿತು ಅಂತಾರೆ ಬಡಿಗರು. ಏನು ಮಾಡಲಿ?
– ಓದುಗರೊಬ್ಬರು, ಗಂಗಾವತಿ

ಉತ್ತರ: ಮೊದಲು ಜೋಕಾಲಿ ಬಿಚ್ಚಿಡಿ. ಸೀಳು ಎಂಥದು ಅಂತ ಗೊತ್ತಾಗುವವರೆಗೆ ಆ ತೊಲೆಗೆ ಮಕ್ಕಳ ಭಾರ ಬೇಡ.

ನಮ್ಮ ಕಡೆ ಏಪ್ರಿಲ್–ಮೇನಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಮರದ ಹೊರಮೈ ಬೇಗ ಒಣಗಿ ಕುಗ್ಗುತ್ತದೆ, ಒಳಗಿನದು ಅಷ್ಟು ಬೇಗ ಕುಗ್ಗುವುದಿಲ್ಲ, ಹಾಗಾಗಿ ಎಳೆಯ ಗುಂಟ ಬಿರಿಯುತ್ತದೆ. ಅಂಥ ಬಿರುಕು ಹೆಚ್ಚಿನ ಸಲ ಅಪಾಯವಲ್ಲ. ಅಂಟೇ ಬಿಟ್ಟಿದ್ದರೆ ಮಾತು ಬೇರೆ. ಟಾರ್ಚ್ ಹಾಕಿ ನೋಡಿ: ಒಳಗೆ ಹರಿದ ಎಳೆಗಳು ಒರಟಾಗಿ ಕಂಡರೆ ಮರ ಬಿರಿದಿದೆ. ಸೀಳು ಅಂಟಿನ ಗೆರೆಯಲ್ಲೇ ನೆಟ್ಟಗೆ ಸಾಗಿ, ಒಳಮೈ ನುಣುಪಾಗಿ ಹೊಳೆದರೆ ಪದರ ಬಿಟ್ಟಿದೆ. ತೆಳು ಸ್ಟೀಲ್ ಪಟ್ಟಿ ತೂರಿಸಿ ಎಷ್ಟು ಆಳ ಅಂತ ಗುರುತು ಮಾಡಿ. ಸಮ ದಪ್ಪದ ಎರಡು ಪದರ ಪೂರ್ತಿ ಬೇರೆಯಾದರೆ ಭಾರ ಹೊರುವ ಶಕ್ತಿ ಅರ್ಧಕ್ಕೆ ಇಳಿಯುತ್ತದೆ, ಬಾಗದೆ ನಿಲ್ಲುವ ಬಿಗಿ ಕಾಲು ಭಾಗಕ್ಕೆ. ಹಾಗಾಗಿದ್ದರೆ ಸ್ಟ್ರಕ್ಚರಲ್ ಎಂಜಿನಿಯರ್ ನೋಡಲೇಬೇಕು. ಯಾವ ಅಂಟು ಹಾಕಿದ್ದರು ಅಂತಲೂ ಕೇಳಿ. ಮಂಚ, ಕಪಾಟಿಗೆ ಬಳಸುವ ಬಿಳಿ ಅಂಟು ಮಳೆ-ಬಿಸಿಲಿಗೆ ತಡೆಯದು. ಹೊರಗಿನ ತೊಲೆಗೆ ಬೇಕಾದ್ದು ಫಿನಾಲ್ ರಿಸಾರ್ಸಿನಾಲ್‌ನಂಥ ಅಂಟು, ಅದರ ಗೆರೆ ಕಡುಕಂದು ಇರುತ್ತದೆ.

ವಾರ್ನಿಷ್ ಏಳುವುದಕ್ಕೆ ಬಡಿಗರನ್ನು ಬೈಯಬೇಡಿ. ಪಾರದರ್ಶಕ ವಾರ್ನಿಷ್ ದಾಟಿ ನೇರಳಾತೀತ ಕಿರಣ ಒಳಗಿಳಿಯುತ್ತದೆ, ಎಳೆಗಳನ್ನು ಬೆಸೆದಿರುವ ಲಿಗ್ನಿನ್ ಒಡೆಯುತ್ತದೆ. ವಾರ್ನಿಷ್ ಹಿಡಿದುಕೊಂಡಿದ್ದ ಮರದ ಮೈಯೇ ಸಡಿಲಾದಾಗ ಅದು ನಿಲ್ಲುವುದೆಲ್ಲಿ? ಎದ್ದ ಸಿಪ್ಪೆಯ ಅಡಿ ನೀರು ಕೂರುತ್ತದೆ. ಪುಟ್ಟಿಯ ಕಥೆಯೂ ಅದೇ: ಮರ ಹಿಗ್ಗಿ ಕುಗ್ಗುವಾಗ ಅದು ಅಂಚು ಬಿಟ್ಟು ನೀರನ್ನು ಒಳಗೇ ಹಿಡಿದಿಡುತ್ತದೆ. ಪುಟ್ಟಿ ಬೇಡವೇ ಬೇಡ.

ಜಾತ್ರೆ ಮುಗಿದ ಮೇಲೆ ತೇರನ್ನು ತಗಡಿನ ಮನೆಯೊಳಗೆ ನಿಲ್ಲಿಸುತ್ತಾರಲ್ಲ, ನಿಮ್ಮ ತೊಲೆಗೂ ಬೇಕಾದ್ದು ಅಂಥ ಮರೆಯೇ. ಪ್ರತಿ ತೊಲೆಯ ನೆತ್ತಿಗೆ ತಗಡಿನ ಮುಚ್ಚಿಗೆ ಹಾಕಿಸಿ. ಎರಡೂ ಪಕ್ಕ ಒಂದು ಇಂಚು ಇಳಿಬಿಟ್ಟು ಅಂಚು ಹೊರಕ್ಕೆ ಮಡಚಿದರೆ ನೀರು ತೊಲೆಯ ಮೈಗೆ ಹರಿಯದೆ ತೊಟ್ಟಿಕ್ಕುತ್ತದೆ. ತಗಡು ಮರಕ್ಕೆ ಅಂಟಿ ಕೂರಬಾರದು, ನಡುವೆ ಪಟ್ಟಿ ಕೊಟ್ಟು ಗಾಳಿಯಾಡಲು ಬಿಡಿ. ಸಿಂಧನೂರಿನ ಹತ್ತಿರ ಒಂದು ತೋಟದಲ್ಲಿ ತಗಡನ್ನು ನೆತ್ತಿಗೆ ಒತ್ತಿ, ಮೇಲಿಂದಲೇ ಮೊಳೆ ಬಡಿದಿದ್ದರು. ಬಿಚ್ಚಿಸಿದಾಗ ಮೊಳೆಯ ಸುತ್ತಲ ಮರ ಚಹಾದಲ್ಲಿ ಅದ್ದಿದ ರಸ್ಕಿನಂತೆ ಬೆರಳಿಗೇ ಬಂತು. ಮೊಳೆ ಏನಿದ್ದರೂ ಪಕ್ಕದಿಂದ.

ತುದಿಗಳೇ ನಿಮ್ಮ ದೊಡ್ಡ ಚಿಂತೆಯಾಗಬೇಕು. ಮರದೊಳಗಿನ ಸಣ್ಣ ಕೊಳವೆಗಳೆಲ್ಲ ಬಾಯಿ ತೆರೆಯುವುದು ಅಲ್ಲೇ, ಪಕ್ಕದ ಮೈಗಿಂತ ಎಷ್ಟೋ ಬೇಗ ನೀರು ಕುಡಿಯುವುದೂ ಅಲ್ಲೇ. ತೇವ ಶೇ 20ರ ಒಳಗಿದ್ದರೆ ಕೊಳೆಸುವ ಶಿಲೀಂಧ್ರಕ್ಕೆ ಬದುಕಿಲ್ಲ. ಕಪ್ಪಾದ ಜಾಗಕ್ಕೆ ಸ್ಕ್ರೂಡ್ರೈವರ್ ಒತ್ತಿ. ಗಟ್ಟಿಯಿದ್ದರೆ ಬರೀ ಮೇಲಿನ ಕಲೆ, ಉಜ್ಜಿದರೆ ಹೋದೀತು. ಮೆತ್ತಗೆ ಇಳಿದರೆ ಗಟ್ಟಿ ಮರ ಸಿಗುವವರೆಗೆ ತುದಿ ಕತ್ತರಿಸಿ, ಎಪಾಕ್ಸಿ (ಒಣಗಿ ಗಟ್ಟಿಯಾಗುವ ಅಂಟು ದ್ರವ) ಕುಡಿಸಿ, ತಗಡಿನ ಟೋಪಿ ಹಾಕಿಸಿ. ಕಂಬದ ಮೇಲೆ ಕೂತ ಭಾಗವೇ ಮೆತ್ತಗಾಗಿದ್ದರೆ ತೊಲೆ ಬದಲಿಸುವುದೊಂದೇ ದಾರಿ.

ಇಷ್ಟಾದ ಮೇಲೆ ಬಣ್ಣದ ಮಾತು. ಹಳೆ ವಾರ್ನಿಷ್ ಪೂರ್ತಿ ಉಜ್ಜಿಸಿ, ಮರ ಹೀರಿಕೊಳ್ಳುವ, ಬಣ್ಣ ಬೆರೆತ ಹೊರಾಂಗಣದ ವುಡ್ ಸ್ಟೇನ್ ಎರಡು ಕೈ ಹೊಡೆಸಿ. ಹಿಂಗಾರು ಮಳೆ ನಿಂತು ಎರಡು ತಿಂಗಳು ಒಣಗಿದ ಮೇಲೆ, ಜನವರಿ ಸುಮಾರಿಗೆ ಮಾಡಿಸಿ. ಕಾದ ಮರದ ಮೇಲೆ ಅದು ಹೀರುವ ಮೊದಲೇ ಒಣಗಿಬಿಡುತ್ತದೆ, ಬಿಸಿಲು ಏರುವುದರೊಳಗೆ ಆ ದಿನದ ಕೆಲಸ ಮುಗಿಯಲಿ.