ಕಿವಿದಾರದ 'ಎನ್95' ಅಸಲಿಯೇ?

ಸಿಲ್ಕ್ ಬೋರ್ಡ್ ಧೂಳಿಗೆಂದು ಆನ್‌ಲೈನಲ್ಲಿ ತರಿಸಿದ ಮಾಸ್ಕಿಗೆ ಕಿವಿದಾರ ಇದೆ ಅಂದಿದ್ದೀರಿ. ಹಾಗಾದರೆ 'ಎನ್95' ಅನ್ನೋದು ಬರೀ ಅಚ್ಚು. ಮಾಸ್ಕ್ ಪರೀಕ್ಷಿಸಿ 'ಎನ್95' ಒಪ್ಪಿಗೆ ಕೊಡುವ ಅಮೆರಿಕದ ಸರ್ಕಾರಿ ಸಂಸ್ಥೆ ನಿಯೋಶ್ ಒಪ್ಪಿದ್ದಕ್ಕೆ ತಲೆಯ ಹಿಂದೆ ಹೋಗುವ ಎಲಾಸ್ಟಿಕ್ ಇರುತ್ತೆ, ಮಾಸ್ಕಿನ ಮೇಲೇ 'ಟಿಸಿ-84ಎ' ಅಂತ ಶುರುವಾಗುವ ಒಪ್ಪಿಗೆ ಸಂಖ್ಯೆ ಇರುತ್ತೆ. ಬಾಕ್ಸ್ ಮೇಲೆ ಅಮೆರಿಕದ ಆಹಾರ-ಔಷಧ ಇಲಾಖೆ 'ಎಫ್‌ಡಿಎ' ಹೆಸರು ನೋಡಿ ನಂಬಬೇಡಿ.

ಈಗಲೇ ಬಿಸಾಡಬೇಡಿ, ನಮ್ಮ ದೇಶದ ಐಎಸ್‌ಐ ಗುರುತು ಪಡೆದ ಮಾಸ್ಕುಗಳಲ್ಲಿ ಕಿವಿದಾರದವೂ ಇವೆ. ಮೊದಲು ಐಎಸ್‌ಐ ಗುರುತು ಹುಡುಕಿ: ಮೇಲ್ಗಡೆ 'ಐಎಸ್ 9473' (ಇಂಥ ಮಾಸ್ಕಿನ ಭಾರತೀಯ ಮಾನದಂಡ), ಕೆಳಗಡೆ 'ಸಿಎಂ/ಎಲ್' ಅನ್ನೋ ಲೈಸೆನ್ಸ್ ಸಂಖ್ಯೆ, ಪಕ್ಕದಲ್ಲೆಲ್ಲೋ ಸೋಸುವ ದರ್ಜೆ 'ಎಫ್‌ಎಫ್‌ಪಿ2'. ಆ ಲೈಸೆನ್ಸ್ ಸಂಖ್ಯೆಯನ್ನು ಐಎಸ್‌ಐ ಗುರುತು ಕೊಡುವ ಬಿಐಎಸ್ ಸಂಸ್ಥೆಯ 'ಬಿಐಎಸ್ ಕೇರ್' ಆ್ಯಪ್‌ನಲ್ಲಿ ಹಾಕಿ. ಕಂಪನಿ ಹೆಸರು, 9473, ಲೈಸೆನ್ಸ್ ಚಾಲ್ತಿಯಲ್ಲಿದೆಯಾ, ಮೂರನ್ನೂ ನೋಡಿ. ಬೇರೆ ಸಾಮಾನಿನ ಲೈಸೆನ್ಸ್ ಸಂಖ್ಯೆ ಅಂಟಿಸಿರಬಹುದು. ಎಲ್ಲ ಹೊಂದಿದರೂ ನಕಲು ಮಾಡಿರೋ ಸಾಧ್ಯತೆ ಇದ್ದೇ ಇದೆ, ಅದಕ್ಕೆ ಮಾರಿದವರು ಅಧಿಕೃತ ಡೀಲರಾ ಅಂತ ಕಂಪನಿಗೇ ಫೋನ್ ಮಾಡಿ ಕೇಳಿ. ಒಂದು ಹೊಂದದಿದ್ದರೂ ಫೋಟೋ ತೆಗೆದು ವಾಪಸ್ ಕಳಿಸಿ.