ಪರದೇಶಿ ಯಾರು, ಮೇಷ್ಟ್ರೇ?

ಮೇಷ್ಟ್ರೇ, ನಮಸ್ಕಾರ.

ನಿಮ್ಮ ಪತ್ರ ಕೈಸೇರಿ ಹದಿನೈದು ದಿನ ದಾಟಿತು. ಮೂರು ಪುಟ, ಎರಡೂ ಮಗ್ಗುಲು, ಅದೇ ಹಳೆ ದುಂಡು ಅಕ್ಷರ. ಇಂಥ ಪತ್ರಕ್ಕೆ ನಾಲ್ಕು ಸಾಲಿನಲ್ಲಿ ಉತ್ತರ ಕೊಟ್ಟು ಕೈತೊಳೆದುಕೊಳ್ಳಲು ಮನಸ್ಸಾಗಲಿಲ್ಲ. ಅದಕ್ಕೇ ತಡವಾಯಿತು.

ಉಳಿದ ಓದುಗರಿಗೆ ವಿಷಯ ಏನು ಅಂತ ಹೇಳಿಬಿಡುತ್ತೇನೆ. ಕಳೆದ ಸಂಚಿಕೆಯ ಮರಗಳ ಅಂಕಣದಲ್ಲಿ ‘ಹುಣಸೆ ಮೂಲತಃ ಆಫ್ರಿಕಾದ ಮರ’ ಅಂತ ಒಂದು ಸಾಲು ಬಂದಿತ್ತು. ದಾವಣಗೆರೆಯ ಈ ನಿವೃತ್ತ ಮೇಷ್ಟ್ರಿಗೆ ಅದು ಸರಿಬರಲಿಲ್ಲ. ‘ನಮ್ಮಜ್ಜಿಯ ಅಜ್ಜಿ ಕಾಲದಿಂದ ಹುಳಿ ಹಿಂಡಿದ ಹಣ್ಣು ಅದು. ಅದರ ವೈಜ್ಞಾನಿಕ ಹೆಸರಲ್ಲೇ ಇಂಡಿಯಾ ಇದೆ. ಅದನ್ನು ಪರದೇಶಿ ಅನ್ನಲು ನಿಮಗೆ ಬಾಯಾದರೂ ಹೇಗೆ ಬಂತು?’ ಅಂತ ಕೇಳಿದ್ದಾರೆ. ಇನ್ನೊಂದು ಪ್ರಶ್ನೆ ಇದಕ್ಕಿಂತ ಚುರುಕು: ‘ಅದೇ ಅಂಕಣದಲ್ಲಿ ಬಳ್ಳಾರಿ ಜಾಲಿ ಹೊರಗಿನದು, ಕಿತ್ತು ಹಾಕಿ ಅಂದಿದ್ದೀರಿ. ಹಾಗಾದರೆ ಹುಣಸೆಯನ್ನೂ ಕೀಳಬೇಕೇ?’ ಕೊನೆಗೆ ಒಂದು ಕೋರಿಕೆ. ಅವರು ಕೆಲಸ ಮಾಡಿದ ಜಗಳೂರು ತಾಲ್ಲೂಕಿನ ಶಾಲೆಯ ಬಯಲಿಗೆ ಯಾವ ಮರ ನೆಡಬಹುದು, ತಿಳಿಸಿ ಅಂತ.

ಮೊದಲು ನಮ್ಮ ತಪ್ಪು ಒಪ್ಪಿಕೊಂಡುಬಿಡುತ್ತೇನೆ. ನೀವು ಅದನ್ನು ಗಮನಿಸಿಲ್ಲ, ಅಥವಾ ಗಮನಿಸಿಯೂ ಬಿಟ್ಟುಕೊಟ್ಟಿದ್ದೀರಿ. ಆ ಸಾಲಿನ ಪಕ್ಕ ಅಚ್ಚಾದ ಚಿತ್ರ ಹುಣಸೆಯದಲ್ಲ, ಸೀಮೆಹುಣಸೆಯದು. ಮಕ್ಕಳು ಇಲಾಚಿ ಅಂತ ಕೋಲಲ್ಲಿ ಕಿತ್ತು ತಿನ್ನುತ್ತಾರಲ್ಲ, ಸುರುಳಿ ಸುತ್ತಿದ ಕಾಯಿ, ಒಳಗೆ ಬಿಳಿ ತಿರುಳು, ಕರಿ ಬೀಜ, ಅದು. ಅದರ ಎಲೆ ಎರಡೆರಡು ಜೋಡಿ, ರೆಂಬೆಯಲ್ಲಿ ಮುಳ್ಳು. ಹುಣಸೆಗೆ ಮುಳ್ಳಿಲ್ಲ. ಒಂದೇ ಕಡ್ಡಿಯ ಎರಡೂ ಕಡೆ ಹತ್ತಾರು ಜೊತೆ ಚಿಕ್ಕ ಎಲೆ, ರಾತ್ರಿ ಆದರೆ ಮಡಚಿಕೊಳ್ಳುತ್ತವೆ. ಹುಣಸೆ ಮರದ ಕೆಳಗೇ ಗೋಲಿ ಆಡಿ ಬೆಳೆದವನು ನಾನು. ಚಿತ್ರ ನನ್ನ ಕಣ್ಣ ಮುಂದೆಯೇ ಪುಟ ಸೇರಿತು, ನನಗೆ ಗೊತ್ತಾಗಲಿಲ್ಲ!

ಈಗ ‘ಇಂಡಿಕಾ’ ವಿಷಯ. ಲಿನೇಯಸ್ ಅನ್ನುವ ಸ್ವೀಡನ್ನಿನ ವಿದ್ವಾಂಸ 1753ರಲ್ಲಿ ಇದಕ್ಕೆ ‘ಟ್ಯಾಮರಿಂಡಸ್ ಇಂಡಿಕಾ’ ಅಂತ ಹೆಸರಿಟ್ಟ. ‘ಟ್ಯಾಮರಿಂಡ್’ ಬಂದದ್ದು ಅರಬ್ಬಿಯ ‘ತಮರ್ ಹಿಂದಿ’ಯಿಂದ. ಅಂದರೆ ಹಿಂದೂಸ್ತಾನದ ಖರ್ಜೂರ. ಹಾಗೆ ನೋಡಿದರೆ ಆ ಹೆಸರಲ್ಲಿ ಇಂಡಿಯಾ ಒಂದಲ್ಲ, ಎರಡು ಸಲ ಇದೆ. ಆದರೆ ಅರಬ್ ವ್ಯಾಪಾರಿಗಳು ಸರಕು ಎಲ್ಲಿಂದ ಕೊಂಡರೋ ಆ ಊರಿನ ಹೆಸರು ಇಟ್ಟರು. ಮರ ಎಲ್ಲಿ ಹುಟ್ಟಿತು ಅನ್ನುವುದು ಅವರಿಗೆ ಬೇಕಿರಲಿಲ್ಲ. ಹುಣಸೆಯ ಕುಲದಲ್ಲಿ ಇರುವುದು ಇದೊಂದೇ ಜಾತಿ. ಅದು ಯಾರೂ ನೆಡದೆ ತಾನಾಗಿ ಕಾಡಲ್ಲಿ ಬೆಳೆದಿದ್ದು ಆಫ್ರಿಕಾದ ಬಿಸಿಲು ನಾಡುಗಳಲ್ಲಿ. ಸಸ್ಯಶಾಸ್ತ್ರದವರು ಅದರ ತವರು ಅಂತ ತೋರಿಸುವುದೂ ಅದನ್ನೇ.

ಹಾಗಂತ ನಿಮ್ಮ ಅಜ್ಜಿಯ ಅಜ್ಜಿ ಸೋಲಲಿಲ್ಲ. ಉತ್ತರ ಪ್ರದೇಶದ ನರ್ಹನ್ ಅನ್ನುವ ಹಳೆ ನೆಲೆಯನ್ನು ಅಗೆದಾಗ ಹುಣಸೆ ಮರದ ಇದ್ದಿಲು ಸಿಕ್ಕಿತು. ಅದರ ಕಾಲ ಸುಮಾರು ಕ್ರಿ.ಪೂ. 1300. ಅಂದರೆ ಮೂರು ಸಾವಿರ ವರ್ಷಕ್ಕೂ ಹಿಂದೆಯೇ ಈ ಮರ ಇಲ್ಲಿ ಒಲೆಗೆ ಸೌದೆಯಾಗಿತ್ತು. ನೀವು ದಾವಣಗೆರೆಯಲ್ಲಿ ಸಂಜೆ ಹೊತ್ತು ಮಂಡಕ್ಕಿ ಜೊತೆ ಕಚ್ಚುವ ಮಿರ್ಚಿ ಇದೆಯಲ್ಲ, ಆ ಮೆಣಸಿನಕಾಯಿ ಅಮೆರಿಕ ಖಂಡದಿಂದ ಪೋರ್ಚುಗೀಸರ ಹಡಗಿನಲ್ಲಿ ಬಂದು ಸುಮಾರು ಐನೂರು ವರ್ಷ, ಅಷ್ಟೇ. ಬೆಣ್ಣೆದೋಸೆಗೆ ಹಚ್ಚುವ ಆಲೂಗಡ್ಡೆ ಪಲ್ಯವೂ ಅದೇ ಕಡೆಯದು. ಇವುಗಳ ಮುಂದೆ ಹುಣಸೆ ಹಿರಿಯಜ್ಜ.

ನಮ್ಮ ಭಾಷೆಯನ್ನೇ ಸಾಕ್ಷಿಗೆ ಕರೆಯೋಣ. ಹೊರಗಿನಿಂದ ಬಂದದ್ದಕ್ಕೆ ಕನ್ನಡದವರು ‘ಸೀಮೆ’ ಅಂತ ಮುದ್ರೆ ಒತ್ತುತ್ತಾರೆ. ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಬದನೆ, ಸೀಮೆಹಸು. ಹುಣಸೆಗೆ ಆ ಮುದ್ರೆ ಇಲ್ಲ. ಹಳಗನ್ನಡದಲ್ಲಿ ಅದು ‘ಪುಣಿಸೆ’. ಪಾಲು ಹಾಲಾದಂತೆ, ಪುಲಿ ಹುಲಿಯಾದಂತೆ, ಪುಣಿಸೆ ಹುಣಸೆಯಾಯಿತು. ಅಷ್ಟೇ ಅಲ್ಲ, ಆಮೇಲೆ ಬಂದ ಮರಗಳಿಗೆ ಹುಣಸೆಯೇ ಅಳತೆಗೋಲಾಯಿತು. ಮೆಕ್ಸಿಕೋ ಕಡೆಯಿಂದ ಬಂದದ್ದು ಸೀಮೆಹುಣಸೆ. ಆಫ್ರಿಕಾದಿಂದಲೇ ಬಂದ, ಹತ್ತಾಳು ಕೈಹಿಡಿದು ನಿಂತರೂ ತಬ್ಬಲಾಗದ ಬಾವೊಬಾಬ್ ಮರ ದೊಡ್ಡಹುಣಸೆ. ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಆ ಮರಗಳಿಂದಲೇ ಮಠಕ್ಕೆ ದೊಡ್ಡಹುಣಸೆ ಮಠ ಅಂತ ಹೆಸರು. ಹುಣಸೆಗೂ ಅದಕ್ಕೂ ನೆಂಟಸ್ತಿಕೆ ಏನೂ ಇಲ್ಲ. ಒಳಗಿನ ತಿರುಳು ಹುಳಿ, ಅಷ್ಟೇ. ಇನ್ನು ನಮ್ಮ ಕಡೆ ಹುಣಸೇಕಟ್ಟೆ ಅನ್ನುವ ಊರುಗಳನ್ನು ನೀವೇ ಎಣಿಸಿಕೊಳ್ಳಿ.

ಅಡುಗೆಮನೆ ಮಾತು ನಿಮಗೆ ಹೇಳಬೇಕಿಲ್ಲ. ಆದರೂ ಒಂದು ಸಣ್ಣ ಸಂಗತಿ. ಬೇರೆ ಹಣ್ಣುಗಳಲ್ಲಿ ಮಾಗುತ್ತ ಹೋದಂತೆ ಹುಳಿ ಇಳಿಯುತ್ತದೆ. ಹುಣಸೆಯಲ್ಲಿ ಇಳಿಯುವುದಿಲ್ಲ. ಟಾರ್ಟಾರಿಕ್ ಆಮ್ಲ ಹಾಗೇ ಉಳಿದು, ಅದರ ಮೇಲೆ ಸಿಹಿಯೂ ಕೂಡಿಕೊಳ್ಳುತ್ತದೆ. ‘ಹುಣಸೆ ಮರ ಮುಪ್ಪಾದರೆ ಹುಳಿ ಮುಪ್ಪೇ’ ಅಂದವರು ಮರದ ವಯಸ್ಸು ನೋಡಿ ಅಂದರು. ಹಣ್ಣಿನ ವಿಷಯದಲ್ಲೂ ಅದು ನಿಜ.

ನನಗೆ ಜಾಸ್ತಿ ಬೆರಗು ಹುಟ್ಟಿಸುವುದು ಹಣ್ಣಲ್ಲ, ಬೀಜ. ಚೌಕಾಬಾರಕ್ಕೆ ಹುಣಸೆ ಬೀಜವನ್ನು ಕಲ್ಲಿಗೆ ತೇದು ಒಂದು ಮಗ್ಗುಲು ಬೆಳ್ಳಗೆ ಮಾಡಿಕೊಳ್ಳುತ್ತಿದ್ದೆವು, ನೆನಪಿದೆಯಾ? ಚಳ್ಳಕೆರೆ ಕಡೆಯ ಕಂಬಳಿ ನೇಯುವವರ ಮನೆಗೆ ಹೋದರೆ ಅದೇ ಬೀಜ ಚೀಲಗಟ್ಟಲೆ ಇರುತ್ತದೆ. ಹುರಿದು, ಸಿಪ್ಪೆ ಬಿಡಿಸಿ, ನೆನೆಹಾಕಿ, ರುಬ್ಬಿ, ಕುದಿಸಿ ಗಂಜಿ ಮಾಡುತ್ತಾರೆ. ಕುರಿ ಉಣ್ಣೆಯ ನೂಲು ಮೆತ್ತಗೆ, ಗುಂಜು ಗುಂಜು. ಹಾಗೇ ಮಗ್ಗಕ್ಕೆ ಏರಿಸಿದರೆ ಒಂದಕ್ಕೊಂದು ಸಿಕ್ಕಿಕೊಂಡು ಕಿತ್ತು ಬರುತ್ತದೆ. ಅದಕ್ಕೇ ಹಾಸನ್ನು, ಅಂದರೆ ಮಗ್ಗದ ಉದ್ದ ಎಳೆಗಳನ್ನು, ಬಯಲಲ್ಲಿ ಉದ್ದಕ್ಕೆ ಎಳೆದು ಕಟ್ಟಿ, ಬ್ರಷ್ಷಿನಿಂದ ಈ ಗಂಜಿ ಬಳಿದು ಬಿಸಿಲಿಗೆ ಒಣಗಿಸುತ್ತಾರೆ. ನೂಲು ಬಿರುಸಾಗುತ್ತದೆ, ಮಗ್ಗದ ಪೆಟ್ಟು ತಡೆಯುತ್ತದೆ. ಹೊಸ ಕಂಬಳಿ ಹೊದ್ದರೆ ಮೈಗೆ ಒರಟು ಒರಟಾಗಿ ತಾಗುತ್ತದಲ್ಲ, ಅದರಲ್ಲಿ ಹುಣಸೆಯ ಪಾಲೂ ಇದೆ. ಬಟ್ಟೆ ಗಿರಣಿಗಳ ನೂಲಿಗೂ ಹುಣಸೆ ಬೀಜದ ಪುಡಿಯ ಗಂಜಿ ನಡೆಯುತ್ತದೆ. ನಿಮ್ಮ ಊರು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡದ್ದು ಇಂಥ ಗಿರಣಿಗಳಿಂದಲೇ ಅಲ್ವಾ? ಆಫ್ರಿಕಾದ ಮರ ನಮ್ಮ ಬದುಕಿನಲ್ಲಿ ಹಾಸುಹೊಕ್ಕಾಗಿದೆ ಅಂತ ನಾನು ಬರೆದರೆ ಅದು ಬರೀ ಅಲಂಕಾರದ ಮಾತಲ್ಲ. ಹಾಸಿನಲ್ಲಿ ನಿಜಕ್ಕೂ ಇದೆ.

ರಸ್ತೆ ಬದಿಯ ಸಾಲುಮರಗಳು ಹೋದದ್ದರ ಬಗ್ಗೆ ನೀವು ಪತ್ರದಲ್ಲಿ ಬರೆದದ್ದು ಓದಿ ಸುಮ್ಮನೆ ಕೂತೆ. ಚಿತ್ರದುರ್ಗದಿಂದ ನಿಮ್ಮೂರಿಗೆ ಅಜ್ಜಿಯ ಜೊತೆ ಬಸ್ಸಿನಲ್ಲಿ ಹೋಗುವಾಗ ಭರಮಸಾಗರದ ಆಚೆ ಈಚೆ ರಸ್ತೆಗೆ ನೆರಳು ಇತ್ತು. ಕಿಟಕಿಗೆ ರೆಂಬೆ ತಾಗುತ್ತಿತ್ತು. ರಸ್ತೆ ಅಗಲವಾಯಿತು, ನೆರಳು ಹೋಯಿತು. ಈಗ ಅದೇ ದಾರಿ ಒಂದು ಗಂಟೆಯೊಳಗೆ ಮುಗಿಯುತ್ತದೆ, ಅದು ಬೇಡ ಅಂತ ನಾನೂ ಹೇಳಲಾರೆ.

ಬಳ್ಳಾರಿ ಜಾಲಿಗೆ ಬರೋಣ. ಈ ಮರದ ಹೆಸರು ಇನ್ನೊಂದು ತಮಾಷೆ. ಬಳ್ಳಾರಿ ಅಂತ ಇದೆ, ಆದರೆ ತವರು ಅಮೆರಿಕ ಖಂಡ, ಮೆಕ್ಸಿಕೋ ಕಡೆಯ ಬಿಸಿಲು ಪ್ರದೇಶ. ಬ್ರಿಟಿಷರ ಕಾಲದಲ್ಲಿ, 1870ರ ದಶಕದಲ್ಲಿ, ಸೌದೆಗಾಗಿ ಬರಡು ನೆಲದಲ್ಲಿ ಬೆಳೆಸಲೆಂದು ಇದನ್ನು ಕಡಪ ಕಡೆ ತಂದು ಹಾಕಿದರು. ತಮಿಳರು ಇದನ್ನು ಸೀಮೈ ಕರುವೇಲಂ ಅನ್ನುತ್ತಾರೆ, ಮುದ್ರೆ ಸರಿಯಾಗಿ ಒತ್ತಿದ್ದಾರೆ. ತೆಲುಗಿನಲ್ಲಿ ಸರ್ಕಾರ್ ತುಮ್ಮ, ತಂದವರು ಯಾರು ಅನ್ನುವುದು ಅದರಲ್ಲೇ ಇದೆ. ಕಚ್ಛದವರಂತೂ ಹುಚ್ಚು ಜಾಲಿ ಅನ್ನುವ ಅರ್ಥದಲ್ಲಿ ಗಾಂಡೋ ಬಾವಳ ಅಂತಾರೆ. ನಾವು ಮಾತ್ರ ಪಕ್ಕದ ಜಿಲ್ಲೆಯ ತಲೆಗೆ ಕಟ್ಟಿದ್ದೇವೆ. ಇನ್ನೂ ಸೋಜಿಗ ಅಂದರೆ, ವಿಜಯದಶಮಿ ದಿನ ‘ಬನ್ನಿ ತಗೊಂಡು ಬಂಗಾರದ ಹಾಗೆ ಇರೋಣ’ ಅಂತ ಕೊಡುವ ಬನ್ನಿಯೂ ಈ ಜಾಲಿಯೂ ತೀರಾ ಈಚಿನವರೆಗೆ ಸಸ್ಯಶಾಸ್ತ್ರದಲ್ಲಿ ಒಂದೇ ಕುಲ. ಈಗ ಇಬ್ಬರನ್ನೂ ಬೇರೆ ಮಾಡಿದ್ದಾರೆ. ಬನ್ನಿಗೆ ಸಮಾಧಾನ ಆಗಿರಬೇಕು.

ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲಿದೆ. ಜಾಲಿಯ ಮೇಲೆ ನಮ್ಮ ದೂರು ಅದು ಹೊರಗಿನದು ಅಂತಲ್ಲ. ಹಾಗೆ ಬರೆದದ್ದು ನಮ್ಮ ಅವಸರ. ದೂರು ಅದರ ನಡತೆಯ ಮೇಲೆ. ಕುರಿ ಮೇಕೆ ಕಾಯಿ ತಿನ್ನುತ್ತವೆ, ಗಟ್ಟಿ ಬೀಜ ಹಿಕ್ಕೆಯಲ್ಲಿ ಬೀಳುತ್ತದೆ, ಮಂದೆ ಹೋದಲ್ಲೆಲ್ಲ ಜಾಲಿ ಏಳುತ್ತದೆ. ಕಡಿದರೆ ಬುಡದಿಂದ ನಾಲ್ಕು ಕವಲು. ಅಮೃತಮಹಲ್ ದನಗಳಿಗೆಂದು ಬಿಟ್ಟ ಕಾವಲಿನ ಹುಲ್ಲುಗಾವಲು, ಕೆರೆಯಂಗಳ, ಗೋಮಾಳ ಯಾವುದನ್ನೂ ಬಿಡುವುದಿಲ್ಲ. ಅದರ ಅಡಿಯಲ್ಲಿ ಹುಲ್ಲು ಹುಟ್ಟುವುದಿಲ್ಲ. ಹುಣಸೆ ಮೂರು ಸಾವಿರ ವರ್ಷದಲ್ಲಿ ಹೀಗೆ ಎಲ್ಲೂ ಮುತ್ತಿಗೆ ಹಾಕಲಿಲ್ಲ. ಅದರ ಕೆಳಗೂ ಬೆಳೆ ಬರುವುದಿಲ್ಲ, ನಿಜ. ಆದರೆ ಅದು ನೆಟ್ಟ ಕಡೆ ನಿಂತಿತು. ಜಾಲಿಯ ಪರವಾಗಿಯೂ ಒಂದು ಮಾತು ಹೇಳಬೇಕು: ಬರಗಾಲದಲ್ಲಿ ಎಷ್ಟೋ ಮನೆಯ ಒಲೆ ಉರಿಸಿದ್ದು ಅದೇ, ಇದ್ದಿಲು ಸುಟ್ಟು ಬದುಕುವವರಿಗೆ ಇವತ್ತಿಗೂ ಅನ್ನ ಅದೇ. ಕಿತ್ತು ಹಾಕಿ ಅಂತ ನಾವು ಊರಿನಲ್ಲಿ ಕೂತು ಬರೆದುಬಿಟ್ಟೆವು. ಅವರನ್ನು ಕೇಳಲಿಲ್ಲ.

ಇನ್ನು ಪರದೇಶಿ. ಆ ಪದ ನಮ್ಮದಲ್ಲ, ನಿಮ್ಮದು. ಆದರೆ ಒಳ್ಳೆ ಪದ. ಕನ್ನಡದಲ್ಲಿ ಅದಕ್ಕೆ ಎರಡು ಅರ್ಥ: ಬೇರೆ ದೇಶದವನು, ಹೇಳಕೇಳುವವರಿಲ್ಲದವನು. ಮೊದಲನೇ ಅರ್ಥದಲ್ಲಿ ಹುಣಸೆ ಪರದೇಶಿ ಇರಬಹುದು. ಎರಡನೇ ಅರ್ಥದಲ್ಲಿ ಅಲ್ಲ. ಅದರ ಪರವಾಗಿ ಮೂರು ಪುಟ ಬರೆಯಲು ನೀವಿದ್ದೀರಿ. ಆದರೆ ನಾನು ಈ ಪತ್ರಿಕೆ ನೋಡಿಕೊಳ್ಳುತ್ತಿರುವಷ್ಟು ವರ್ಷದಲ್ಲಿ ಕಮರ ಮರದ ಬಗ್ಗೆ ಒಂದು ಕಾರ್ಡೂ ಬಂದಿಲ್ಲ.

ಕಮರ ಇಲ್ಲೇ ಹುಟ್ಟಿದ್ದು. ಭಾರತ ಬಿಟ್ಟರೆ ಬೇರೆ ಯಾವ ದೇಶದ ಕಾಡಿನಲ್ಲೂ ತಾನಾಗಿ ಬೆಳೆಯುವುದಿಲ್ಲ. ನಮ್ಮ ಕಡೆಯ ಕಲ್ಲುಗುಡ್ಡ, ಮಳೆ ಆರುನೂರು ಮಿಲಿಮೀಟರೂ ಬೀಳದ ಜಾಗ ಅದಕ್ಕೆ ಸಾಕು. ಎಲೆ ನೋಡಿದರೆ ಮಂದಾರದ ಎಲೆಯನ್ನು ನಡುವೆ ಪೂರ್ತಿ ಸೀಳಿದಂತೆ, ಎರಡೇ ದಳ. ಅದಕ್ಕೇ ಅದರ ವೈಜ್ಞಾನಿಕ ಹೆಸರು ಹಾರ್ಡ್‌ವಿಕಿಯಾ ಬೈನೇಟಾ. ಬೈನೇಟಾ ಅಂದರೆ ಜೋಡಿಯದು; ಹೆಸರಿನ ಮೊದಲ ಪದ ಹಾರ್ಡ್‌ವಿಕ್ ಅನ್ನುವ ಬ್ರಿಟಿಷ್ ಸೇನಾಧಿಕಾರಿಯ ಹೆಸರಿನ ಮೇಲೆ ಇಟ್ಟದ್ದು. ಇಲ್ಲೇ ಹುಟ್ಟಿದ ಮರಕ್ಕೆ ದೊರೆಯ ಹೆಸರು, ಹೊರಗಿನಿಂದ ಬಂದ ಮರಕ್ಕೆ ನಮ್ಮ ದೇಶದ ಹೆಸರು! ಮರದ ಚೇಗು ನಮ್ಮ ದೇಶದಲ್ಲೇ ಅತಿ ಭಾರದ್ದರಲ್ಲಿ ಒಂದು, ನೀರಿಗೆ ಹಾಕಿದರೆ ಮುಳುಗುತ್ತದೆ. ಗಾಡಿಯ ಚಕ್ರಕ್ಕೆ, ಮನೆಯ ಕಂಬಕ್ಕೆ ಅದೇ. ತೊಗಟೆಯ ನಾರಿನಿಂದ ಹಗ್ಗ ಹೊಸೆಯುತ್ತಿದ್ದರು. ಬೇಸಿಗೆಯಲ್ಲಿ ಹುಲ್ಲು ಸುಟ್ಟುಹೋದಾಗ ದನಕ್ಕೆ ಕಡಿದು ಹಾಕುವ ಸೊಪ್ಪು ಇದರದ್ದೇ. ಕಡಿದು ಕಡಿದು ಎಷ್ಟೋ ಮರಗಳು ಮೊಂಡಾಗಿ ನಿಂತಿವೆ.

ಹಾಗಾಗಿ ನಿಮ್ಮ ಶಾಲೆಗೆ ನನ್ನ ಪಟ್ಟಿ ಚಿಕ್ಕದು. ಬೇವು, ಹೊಂಗೆ ನೀವೇ ಹಾಕುತ್ತೀರಿ, ಹೇಳಬೇಕಿಲ್ಲ. ಗೇಟಿನಿಂದ ದೂರಕ್ಕೆ, ಕಟ್ಟಡಕ್ಕೆ ತಾಗದ ಹಾಗೆ, ಒಂದು ಹುಣಸೆ. ಮಕ್ಕಳಿಗೆ ದೋರೆಗಾಯಿ ಬೇಡವೇ? ಹಿಂದಿನ ಕಲ್ಲುನೆಲಕ್ಕೆ ನಾಲ್ಕು ಕಮರ. ಗುಲ್‌ಮೊಹರ್ ಬೇಡ. ಮಡಗಾಸ್ಕರಿನದು ಅನ್ನುವ ಕಾರಣಕ್ಕಲ್ಲ, ಗಾಳಿಗೆ ರೆಂಬೆ ಮುರಿದು ಮಕ್ಕಳ ಮೇಲೆ ಬೀಳುತ್ತದೆ ಅಂತ.

ಕಮರದ ಸಸಿ ಕೊಂಡು ತಂದು ನೆಡಬೇಡಿ. ಅದು ಮೊದಲ ವರ್ಷ ಮೇಲೆ ಬೆಳೆಯುವುದಕ್ಕಿಂತ ಕೆಳಗೆ ಬೇರು ಇಳಿಸುವುದೇ ಜಾಸ್ತಿ. ಚೀಲದೊಳಗೆ ತಾಯಿಬೇರು ಸುತ್ತಿಕೊಂಡರೆ ಮರ ಸೊರಗುತ್ತದೆ. ಬೀಜವನ್ನೇ ಹಾಕಬೇಕು. ಕಾಯಿ ಏಪ್ರಿಲ್ ಮೇ ಹೊತ್ತಿಗೆ ಬಲಿಯುತ್ತದೆ. ತೆಳ್ಳಗೆ ರೆಕ್ಕೆಯ ಹಾಗೆ, ತುದಿಯಲ್ಲಿ ಒಂದೇ ಬೀಜ. ಎಲ್ಲ ವರ್ಷ ಚೆನ್ನಾಗಿ ಬಿಡುವುದಿಲ್ಲ, ಬಿಟ್ಟ ವರ್ಷ ಕೂಡಿಟ್ಟುಕೊಳ್ಳಬೇಕು. ಮೊದಲ ಮಳೆ ಬಿದ್ದ ಮೇಲೆ ಇದ್ದ ಜಾಗದಲ್ಲೇ ಊರಿ, ಎರಡು ಮೂರು ವರ್ಷ ಮೇಕೆ ಬಾಯಿಗೆ ಸಿಗದ ಹಾಗೆ ಮುಳ್ಳು ಕಟ್ಟಿ. ಮುಳ್ಳಿಗೆ ಬಳ್ಳಾರಿ ಜಾಲಿ ಇದ್ದೇ ಇದೆ.

ಕಳೆದ ಬೇಸಿಗೆಯಲ್ಲಿ ಆರಿಸಿದ ಬೀಜ ಒಂದು ಡಬ್ಬಿಯಷ್ಟು ನಮ್ಮ ಕಚೇರಿಯ ಕಪಾಟಿನಲ್ಲಿದೆ. ದುರ್ಗಕ್ಕೆ ಬಂದಾಗ ತೆಗೆದುಕೊಂಡು ಹೋಗಿ. ಬರುವಾಗ ಹುಣಸೆ ಚಿಗಳಿ ತರುತ್ತೇನೆ ಅಂತ ಪತ್ರದ ಕೊನೆಗೆ ಬರೆದಿದ್ದೀರಿ, ಅದನ್ನು ಮರೆಯಬೇಡಿ.

ನಿಮ್ಮ,
ಸಂಪಾದಕ