ಹಾಟ್ ರಾಡ್ ಪತ್ರಿಕೆಯ ಓದುಗರಿಗೆ ಬೇಕಾದದ್ದು ಕೆಲಸದ ವಿವರ

ಅಮೆರಿಕದಲ್ಲಿರುವ ಸ್ನೇಹಿತರೊಬ್ಬರೊಂದಿಗೆ ಸೇರಿ ಹಾಟ್ ರಾಡ್, ಅಂದರೆ ವೇಗಕ್ಕಾಗಿ ಮಾರ್ಪಡಿಸಿದ ಹಳೆಯ ಕಾರುಗಳಿಗಾಗಿಯೇ ಒಂದು ಪತ್ರಿಕೆಯನ್ನು ಹೊರತರುವ ಆಲೋಚನೆ ತಮಗಿದೆಯೆಂದೂ, ಚಿತ್ರಗಳೂ ವಿಡಿಯೊಗಳೂ ಉಚಿತವಾಗಿ ಸಿಗುವ ಈ ಕಾಲದಲ್ಲಿ ಓದುಗರು ಇಂತಹ ಪತ್ರಿಕೆಯಿಂದ ಏನನ್ನು ಬಯಸಿ ಚಂದಾ ಕಟ್ಟುತ್ತಾರೆಂದೂ ಕೇಳಿದ್ದೀರಿ. ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿ, ಬಹಳ ವರ್ಷಗಳಿಂದ ಈ ಪತ್ರಿಕೆಗಳನ್ನು ಓದುತ್ತಾ, ಹಳೆಯ ಸಂಚಿಕೆಗಳನ್ನು ಕೂಡಿಡುತ್ತಾ ಬಂದಿರುವ ಒಬ್ಬ ಓದುಗನಾಗಿ ಉತ್ತರಿಸುತ್ತಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಓದುಗರಿಗೆ ಬೇಕಾದದ್ದು ಕೆಲಸದ ವಿವರ. ಕಾರು ಹೇಗೆ ಕಾಣುತ್ತದೆ ಎಂಬುದು ಒಂದೇ ಚಿತ್ರದಲ್ಲಿ ತಿಳಿದುಹೋಗುತ್ತದೆ. ಅದು ಆ ರೂಪಕ್ಕೆ ಹೇಗೆ ಬಂತು, ಎಷ್ಟು ಖರ್ಚಾಯಿತು, ಯಾವ ಹಂತದಲ್ಲಿ ಕೆಲಸ ಕೆಟ್ಟಿತು, ಕೊನೆಗೆ ರಸ್ತೆಯ ಮೇಲೆ ಹೇಗೆ ಓಡಿತು ಎಂಬುದನ್ನು ತಿಳಿದು ಹೇಳಬಲ್ಲ ಪತ್ರಿಕೆಗೆ ಇಂದಿಗೂ ಓದುಗರಿದ್ದಾರೆ ಎಂದು ನಾನು ದೃಢವಾಗಿ ನಂಬುತ್ತೇನೆ.

ಈ ಉತ್ತರವನ್ನು ಓದುವ ಇತರರಿಗಾಗಿ ಎರಡು ಮಾತು. ಧರ್ಮಸ್ಥಳದ ಕಾರು ಸಂಗ್ರಹಾಲಯವನ್ನು ನೋಡಿದವರಿಗೆ ಹಳೆಯ ಕಾರುಗಳನ್ನು ಅವುಗಳ ಮೂಲ ರೂಪದಲ್ಲಿಯೇ ಕಾಪಾಡುವ ಶ್ರದ್ಧೆ ಪರಿಚಿತವಾಗಿರುತ್ತದೆ. ಹಾಟ್ ರಾಡ್ ಹಿಡಿದಿರುವ ದಾರಿ ಅದಕ್ಕೆ ವಿರುದ್ಧವಾದದ್ದು. ಇಲ್ಲಿ ಹಳೆಯ ಕಾರೊಂದನ್ನು, ಅದರಲ್ಲಿಯೂ 1932ರ ಫೋರ್ಡ್‌ನಂತಹದನ್ನು ತೆಗೆದುಕೊಂಡು, ಮಡ್‌ಗಾರ್ಡ್ ಕಳಚಿ, ತೂಕ ಇಳಿಸಿ, ಎಂಜಿನ್ನಿನ ಶಕ್ತಿ ಹೆಚ್ಚಿಸಿ ಅಥವಾ ಬೇರೆಯ ಎಂಜಿನ್ನನ್ನೇ ಕೂರಿಸಿ, ವೇಗವಾಗಿ ಓಡುವಂತೆ ಮಾಡುತ್ತಾರೆ. 1920 ಮತ್ತು 30ರ ದಶಕಗಳಲ್ಲಿ ಲಾಸ್ ಏಂಜಲಿಸ್ ಸುತ್ತಲಿನ ಯುವಕರು ಹೀಗೆ ಕಟ್ಟಿದ ಕಾರುಗಳನ್ನು ಮುರಾಕ್, ಎಲ್ ಮಿರಾಜ್ ಮುಂತಾದ ಒಣಗಿದ ಕೆರೆಗಳ ಗಟ್ಟಿ ನೆಲದ ಮೇಲೆ ಓಡಿಸಿ ವೇಗವನ್ನು ಅಳೆಯುತ್ತಿದ್ದರು. 1937ರಲ್ಲಿ ಅವರ ಕ್ಲಬ್ಬುಗಳು ಒಟ್ಟುಗೂಡಿ ಸದರ್ನ್ ಕ್ಯಾಲಿಫೋರ್ನಿಯಾ ಟೈಮಿಂಗ್ ಅಸೋಸಿಯೇಷನ್ ಎಂಬ ಸಂಸ್ಥೆಯನ್ನು ಕಟ್ಟಿಕೊಂಡವು.

ನಿಮ್ಮ ಪ್ರಶ್ನೆಗೆ ಉತ್ತರದ ಒಂದು ಭಾಗ ಆ ಕಾಲದಲ್ಲಿಯೇ ಇದೆ. ಎರಡನೇ ಮಹಾಯುದ್ಧದ ವರ್ಷಗಳಲ್ಲಿ ಈ ಯುವಕರಲ್ಲಿ ಅನೇಕರು ಸೈನ್ಯಕ್ಕೆ ಸೇರಿ ದೂರದ ದೇಶಗಳಿಗೆ ಹೋದಾಗ, ಸ್ವತಃ ಒಣ ಕೆರೆಗಳ ಮೇಲೆ ಕಾರು ಓಡಿಸಿದ್ದ ವೀಡಾ ಆರ್ ಎಂಬ ಮಹಿಳೆ ಒಂದು ಸುದ್ದಿಪತ್ರವನ್ನು ಸಿದ್ಧಪಡಿಸಿ ಅವರಿಗೆ ಅಂಚೆಯಲ್ಲಿ ಕಳುಹಿಸುತ್ತಿದ್ದರು. ಕಾರುಗಳೂ ಇಲ್ಲದ, ಓಟಗಳೂ ನಡೆಯದ ಆ ದಿನಗಳಲ್ಲಿ ಆ ಹಾಳೆಗಳಿಗೆ ಓದುಗರಿದ್ದರು ಎಂಬುದನ್ನು ಪತ್ರಿಕೆ ಆರಂಭಿಸುವವರು ಗಮನಿಸಬೇಕು. ತಮ್ಮಂತೆಯೇ ಯೋಚಿಸುವವರು ಎಲ್ಲಿದ್ದಾರೆ, ಏನು ಮಾಡುತ್ತಿದ್ದಾರೆ ಎಂದು ತಿಳಿಯುವ ಆಸೆಯೂ ಓದುವುದಕ್ಕೆ ಒಂದು ಕಾರಣವೇ. ಯುದ್ಧ ಮುಗಿದ ಮೇಲೆ, 1948ರ ಜನವರಿಯಲ್ಲಿ, ರಾಬರ್ಟ್ ಪೀಟರ್‌ಸನ್ ಮತ್ತು ರಾಬರ್ಟ್ ಲಿಂಡ್ಸೆ ಎಂಬ ಇಬ್ಬರು ಯುವಕರು ‘ಹಾಟ್ ರಾಡ್’ ಪತ್ರಿಕೆಯ ಮೊದಲ ಸಂಚಿಕೆಯನ್ನು 25 ಸೆಂಟ್ ಬೆಲೆಗೆ ಮಾರಾಟಕ್ಕಿಟ್ಟರು. ಮರುವರ್ಷ ಸಂಪಾದಕರಾದ ವಾಲಿ ಪಾರ್ಕ್ಸ್ ತಾವೇ ಕೆರೆಯ ಓಟಗಳಲ್ಲಿ ಬೆಳೆದು ಬಂದವರು. 1951ರಲ್ಲಿ ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ಸ್ಥಾಪನೆಯಾದಾಗ ಅದರ ಸುದ್ದಿಯನ್ನು ದೇಶದಾದ್ಯಂತ ಹರಡಿದ್ದು ಆ ಪತ್ರಿಕೆಯ ಪುಟಗಳೇ. ಬೀದಿಯಲ್ಲಿ ಅಪಾಯಕಾರಿಯಾಗಿ ಕಾರು ಓಡಿಸುವವರು ಎಂಬ ಅಪವಾದ ಹೊತ್ತಿದ್ದ ಯುವಕರಿಗೆ, ನಿಯಮಗಳಿರುವ, ಪರಿಶೀಲನೆ ನಡೆಯುವ ಓಟದ ಪಥಗಳು ಬೇಕೆಂದು ಪಾರ್ಕ್ಸ್ ಬರೆಯುತ್ತಾ ಹೋದರು. ಓದುಗರು ಅದನ್ನು ಉಪದೇಶವೆಂದು ತಳ್ಳಿಹಾಕಲಿಲ್ಲ, ಏಕೆಂದರೆ ಬರೆಯುತ್ತಿದ್ದವರು ತಮ್ಮವರೇ ಆಗಿದ್ದರು.

ಈಗ ಕೆಲಸದ ವಿವರಕ್ಕೆ ಬರುತ್ತೇನೆ. 1932ರ ಫೋರ್ಡ್ ವಿ8 ಎಂಜಿನ್ 221 ಘನ ಇಂಚಿನದು, ಅಂದರೆ ಸುಮಾರು 3.6 ಲೀಟರ್, ಅದರ ಶಕ್ತಿ 65 ಅಶ್ವಶಕ್ತಿ. ಆ ಕಾರಿಗೆ ಇದ್ದದ್ದು ಸರಳು ಮತ್ತು ಸನ್ನೆಗಳಿಂದ ನಡೆಯುವ ಬ್ರೇಕು. ಫೋರ್ಡ್ ಕಾರುಗಳಿಗೆ ದ್ರವದ ಒತ್ತಡದಿಂದ ನಡೆಯುವ ಹೈಡ್ರಾಲಿಕ್ ಬ್ರೇಕ್ ಬಂದದ್ದು 1939ರ ಮಾದರಿಯಿಂದ. ಹಾಗಾಗಿ ಎಂಜಿನ್ನಿನ ಶಕ್ತಿಯನ್ನು ಎರಡರಷ್ಟು ಮಾಡುವವರು ಬ್ರೇಕನ್ನೂ ಬದಲಾಯಿಸಲೇಬೇಕು. ಇದರ ಬಗ್ಗೆ ಪತ್ರಿಕೆಯೊಂದು ‘ನಂತರ ಹೈಡ್ರಾಲಿಕ್ ಬ್ರೇಕ್ ಅಳವಡಿಸಲಾಯಿತು’ ಎಂಬ ಒಂದು ವಾಕ್ಯ ಬರೆದು ಮುಂದಿನ ಚಿತ್ರಕ್ಕೆ ಹೋದರೆ, ಗ್ಯಾರೇಜಿನಲ್ಲಿ ಅದೇ ಕೆಲಸವನ್ನು ಎದುರಿಗೆ ಇಟ್ಟುಕೊಂಡು ಕುಳಿತಿರುವ ಓದುಗನಿಗೆ ಏನೂ ಸಿಕ್ಕಂತಾಗುವುದಿಲ್ಲ. ಚಕ್ರ ತಿರುಗುವ ಹಳೆಯ ಸ್ಪಿಂಡಲ್‌ಗೆ, ಬ್ರೇಕಿನ ಭಾಗಗಳನ್ನು ಹಿಡಿದಿಡುವ ಬ್ಯಾಕಿಂಗ್ ಪ್ಲೇಟ್ ಹೊಂದುತ್ತದೆಯೇ, ಹೊಂದದಿದ್ದರೆ ಲೇಥಿನಲ್ಲಿ ಏನನ್ನು ಮಾಡಿಸಿಕೊಳ್ಳಬೇಕು, ಪೆಡಲ್ ಒತ್ತಿದಾಗ ಬ್ರೇಕಿನ ದ್ರವವನ್ನು ಕೊಳವೆಗಳಿಗೆ ತಳ್ಳುವ ಮಾಸ್ಟರ್ ಸಿಲಿಂಡರನ್ನು ಚಾಸಿಯ ಯಾವ ಜಾಗದಲ್ಲಿ ಕೂರಿಸಬೇಕು ಎಂಬುವು ಅವನ ಪ್ರಶ್ನೆಗಳು. ಮಾಸ್ಟರ್ ಸಿಲಿಂಡರನ್ನು ಕಾರಿನ ನೆಲದ ಕೆಳಗೆ ಕೂರಿಸಿದಾಗ ಅದು ಚಕ್ರದ ಬಳಿಯ ಸಿಲಿಂಡರುಗಳಿಗಿಂತ ತಗ್ಗಿನಲ್ಲಿ ಉಳಿಯುವ ಸಾಧ್ಯತೆಯಿದೆ. ಆಗ ದ್ರವ ಹಿಂದಕ್ಕೆ ಹರಿದು ಬಂದು, ಪೆಡಲನ್ನು ಮೊದಲ ಸಲ ಒತ್ತಿದಾಗ ಅದು ಆಳಕ್ಕೆ ಇಳಿಯುತ್ತದೆ. ಇದನ್ನು ತಡೆಯಲು ಕೊಳವೆಯಲ್ಲಿ ಸ್ವಲ್ಪ ಒತ್ತಡವನ್ನು ಹಿಡಿದಿಡುವ ವಾಲ್ವ್ ಹಾಕಬೇಕು: ಡಿಸ್ಕ್ ಬ್ರೇಕಿಗೆ ಸಾಮಾನ್ಯವಾಗಿ ಚದರ ಇಂಚಿಗೆ 2 ಪೌಂಡಿನದು, ಡ್ರಮ್ ಬ್ರೇಕಿಗೆ 10 ಪೌಂಡಿನದು. ಈ ಒಂದು ಮಾತು ಬರೆಯದೆ ಹೋದ ಲೇಖನಕ್ಕೆ ಎಷ್ಟು ಸುಂದರವಾದ ಚಿತ್ರಗಳಿದ್ದರೂ ಅದು ಅಪೂರ್ಣ.

ಅಂಕಿಗಳ ಜೊತೆಗೆ ಅವುಗಳ ಕಾರಣವನ್ನೂ ಓದುಗರು ನಿರೀಕ್ಷಿಸುತ್ತಾರೆ. ಉದಾಹರಣೆಗೆ, ಫೋರ್ಡ್‌ನ 239 ಘನ ಇಂಚಿನ ಎಂಜಿನ್ನಿನಲ್ಲಿ ಸಿಲಿಂಡರಿನ ವ್ಯಾಸ 3.1875 ಇಂಚು, ಪಿಸ್ಟನ್ ಚಲಿಸುವ ಉದ್ದ 3.75 ಇಂಚು. ಅದಕ್ಕೆ ಮರ್ಕ್ಯುರಿ ಕಾರಿನ, ಪಿಸ್ಟನ್ನನ್ನು 4 ಇಂಚು ಚಲಿಸುವಂತೆ ಮಾಡುವ ಕ್ರ್ಯಾಂಕ್‌ಶಾಫ್ಟ್ ಹಾಕಿದರೆ, ಬೇರೇನನ್ನೂ ಕೊರೆಯದೆಯೇ, 255 ಘನ ಇಂಚು ಆಗುತ್ತದೆ, ಸಿಲಿಂಡರನ್ನು 3.375 ಇಂಚಿಗೆ ಕೊರೆಸಿದರೆ 286 ತಲುಪುತ್ತದೆ. ಈ ಲೆಕ್ಕವನ್ನು ತೋರಿಸಿದ ಮೇಲೆ ಅದರ ಇನ್ನೊಂದು ಮುಖವನ್ನೂ ತೋರಿಸಬೇಕು. ಈ ಎಂಜಿನ್ನಿನಲ್ಲಿ ಬಿಸಿ ಹೊಗೆ ಎಂಜಿನ್ನಿನ ಮುಖ್ಯ ಒಡಲಾದ ಬ್ಲಾಕಿನೊಳಗಿನಿಂದಲೇ ಹಾದು ಹೊರಬರುತ್ತದೆ, ಪ್ರತಿ ಬದಿಯ ನಡುವಿನ ಎರಡು ಸಿಲಿಂಡರುಗಳಿಗೆ ಹೊಗೆ ಹೋಗುವ ದಾರಿ ಒಂದೇ. ಆದ್ದರಿಂದ ಆ ಶಾಖದಲ್ಲಿ ಸಾಕಷ್ಟು ತಂಪು ಮಾಡುವ ನೀರಿಗೆ ಸೇರುತ್ತದೆ. ಕೊರೆದಷ್ಟೂ ಗೋಡೆ ತೆಳುವಾಗುತ್ತದೆ, ರೇಡಿಯೇಟರಿನ ಹೊರೆ ಹೆಚ್ಚುತ್ತದೆ. ಕೊರೆಸುವ ಮೊದಲು ಬ್ಲಾಕಿನಲ್ಲಿ ಬಿರುಕಿದೆಯೇ ಎಂದು ಪರೀಕ್ಷಿಸಬೇಕೆಂದು ಹೇಳುವ ಪತ್ರಿಕೆ ಓದುಗನ ಹಣವನ್ನು ಉಳಿಸುತ್ತದೆ, ಮತ್ತು ಅಂತಹ ಪತ್ರಿಕೆಯ ಚಂದಾವನ್ನು ಅವನು ತಪ್ಪದೆ ನವೀಕರಿಸುತ್ತಾನೆ.

ಜಾಹೀರಾತಿನ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕಾಗಿದೆ. ಹಾಟ್ ರಾಡ್ ಪತ್ರಿಕೆಗಳ ಓದುಗರು ಜಾಹೀರಾತನ್ನು ದ್ವೇಷಿಸುವವರಲ್ಲ. ಸಿಲಿಂಡರುಗಳಿಗೆ ಗಾಳಿ-ಇಂಧನದ ಮಿಶ್ರಣ ಒಯ್ಯುವ ವಿಕ್ ಎಡೆಲ್‌ಬ್ರಾಕ್ ಅವರ ಇನ್‌ಟೇಕ್ ಮ್ಯಾನಿಫೋಲ್ಡುಗಳು, ವಾಲ್ವ್‌ಗಳನ್ನು ತೆರೆದು ಮುಚ್ಚಿಸುವ ಎಡ್ ಇಸ್ಕೆಂಡೇರಿಯನ್ ಅವರ ಕ್ಯಾಮ್‌ಶಾಫ್ಟುಗಳು ಊರೂರಿಗೆ ತಲುಪಿದ್ದು ಜಾಹೀರಾತುಗಳ ಮೂಲಕವೇ, ಮತ್ತು ಹಳೆಯ ಸಂಚಿಕೆಗಳಲ್ಲಿ ಆ ಪುಟಗಳನ್ನು ನಾನು ಲೇಖನಗಳಷ್ಟೇ ಆಸಕ್ತಿಯಿಂದ ಓದುತ್ತೇನೆ. ಓದುಗರನ್ನು ನೋಯಿಸುವುದು ಲೇಖನದ ವೇಷದಲ್ಲಿ ಬರುವ ಜಾಹೀರಾತು. ಹೊಸ ಕ್ಯಾಮ್‌ಶಾಫ್ಟ್ ಹಾಕಿದೆವು, ಶಕ್ತಿ ಇಷ್ಟು ಹೆಚ್ಚಿತು ಎಂದು ಒಂದೇ ಅಂಕಿಯನ್ನು ಮುದ್ರಿಸಿ, ಅದರ ಕೆಳಗೆ ಆ ತಯಾರಕರ ದೂರವಾಣಿ ಸಂಖ್ಯೆಯನ್ನು ಕೊಡುವ ಲೇಖನದ ಮೇಲೆ ಓದುಗನಿಗೆ ನಂಬಿಕೆ ಹುಟ್ಟುವುದು ಕಷ್ಟ. ಬದಲಾವಣೆಗೆ ಮೊದಲು ಎಂಜಿನ್ನಿನ ಶಕ್ತಿ ಅಳೆಯುವ ಡೈನಮೋಮೀಟರ್ ತೋರಿಸಿದ್ದೇನು, ನಂತರ ತೋರಿಸಿದ್ದೇನು, ಎರಡು ಪರೀಕ್ಷೆಗಳ ನಡುವೆ ಬದಲಾದದ್ದು ಆ ಒಂದು ಭಾಗ ಮಾತ್ರವೇ, ನಿಮಿಷಕ್ಕೆ 2500 ಸುತ್ತಿನಿಂದ 6000 ಸುತ್ತಿನವರೆಗಿನ ಇಡೀ ರೇಖೆ ಹೇಗಿದೆ ಎಂಬುದೆಲ್ಲವೂ ಬೇಕು, ಏಕೆಂದರೆ ರಸ್ತೆಯ ಕಾರು ಬದುಕುವುದು ಆ ರೇಖೆಯ ಕೆಳಭಾಗದಲ್ಲಿ. ವಾಲ್ವ್‌ಗಳನ್ನು ಹೆಚ್ಚು ಹೊತ್ತು ತೆರೆದಿಡುವ ಕ್ಯಾಮ್ ಹಾಕಿದಾಗ ಐಡಲಿಂಗ್‌ನಲ್ಲಿ, ಅಂದರೆ ಕಾರು ನಿಂತು ಎಂಜಿನ್ ಮಾತ್ರ ಓಡುವಾಗ, ಎಂಜಿನ್ ಉಂಟುಮಾಡುವ ನಿರ್ವಾತ ಕಡಿಮೆಯಾಗಿ, ಅದನ್ನು ಅವಲಂಬಿಸಿದ ಪವರ್ ಬ್ರೇಕ್ ಬಲ ಕಳೆದುಕೊಳ್ಳುತ್ತದೆ ಎಂಬುದನ್ನು ಹೇಳಿದರೆ ಜಾಹೀರಾತುದಾರರು ಮುನಿಸಿಕೊಂಡಾರು. ಹೇಳದಿದ್ದರೆ ಓದುಗನ ಕಾರು ಸಿಗ್ನಲ್ಲಿನಲ್ಲಿ ನಿಲ್ಲುವುದು ಕಷ್ಟವಾಗುತ್ತದೆ. ಎರಡರಲ್ಲಿ ಯಾರ ಕಡೆ ನಿಲ್ಲುತ್ತೀರಿ ಎಂಬುದನ್ನು ಪತ್ರಿಕೆ ಆರಂಭಿಸುವ ಮೊದಲೇ ನಿರ್ಧರಿಸಿಕೊಳ್ಳಿ.

ಖರ್ಚಿನ ಲೆಕ್ಕದಲ್ಲಿಯೂ ಇದೇ ಪ್ರಾಮಾಣಿಕತೆ ಬೇಕು. ‘ಕಡಿಮೆ ಖರ್ಚಿನ ಕಾರು’ ಎಂಬ ತಲೆಬರಹದ ಕೆಳಗೆ, ಉಚಿತವಾಗಿ ಬಂದ ಬಿಡಿಭಾಗಗಳನ್ನೂ ವರ್ಕ್‌ಶಾಪಿನವರು ಮಾಡಿಕೊಟ್ಟ ವೆಲ್ಡಿಂಗನ್ನೂ ಲೆಕ್ಕದಿಂದ ಬಿಟ್ಟುಬಿಡುವ ಅಭ್ಯಾಸವಿದೆ. ಕಾರು ಕಟ್ಟುವವರಿಗೆ ತಿಳಿದಿರುವಂತೆ, ದುಡ್ಡು ಎಂಜಿನ್ನಿಗಿಂತ ಹೆಚ್ಚಾಗಿ ಬ್ರೇಕಿನ ಕೊಳವೆ, ವೈರಿಂಗ್, ಗ್ಯಾಸ್ಕೆಟ್, ನಟ್ಟು-ಬೋಲ್ಟು, ಬಣ್ಣಕ್ಕೆ ಮುಂಚಿನ ಉಜ್ಜುವ ಕೆಲಸ ಇಂತಹವುಗಳಲ್ಲಿ ಸದ್ದಿಲ್ಲದೆ ಕರಗುತ್ತದೆ. ಆ ಪಟ್ಟಿಯನ್ನು ಪೂರ್ತಿಯಾಗಿ ಮುದ್ರಿಸಿ.

ಚಿತ್ರಗಳ ವಿಷಯದಲ್ಲಿ ಒಂದೇ ಕೋರಿಕೆ: ಸೂರ್ಯಾಸ್ತದ ಬೆಳಕಿನಲ್ಲಿ ತೆಗೆದ ಒಂದು ಚಿತ್ರವಿದ್ದರೆ, ಕಾರಿನ ಕೆಳಗೆ ಮಲಗಿ ತೆಗೆದ ಮೂರು ಚಿತ್ರಗಳಿರಲಿ. ಸ್ಟಿಯರಿಂಗ್ ಸರಳು ಎಕ್ಸಾಸ್ಟ್ ಕೊಳವೆಯನ್ನು ಹೇಗೆ ತಪ್ಪಿಸಿಕೊಂಡು ಹೋಗಿದೆ ಎಂಬುದು ಮೇಲಿನಿಂದ ಕಾಣುವುದಿಲ್ಲ. ಎಂಜಿನ್ನಿನ ಸದ್ದನ್ನೂ ಓಟವನ್ನೂ ವಿಡಿಯೊ ಪತ್ರಿಕೆಗಿಂತ ಚೆನ್ನಾಗಿ ತೋರಿಸುತ್ತದೆ, ಅದನ್ನು ಒಪ್ಪಿಕೊಳ್ಳೋಣ. ಆದರೆ ಅಳತೆಗಳನ್ನು ಗುರುತಿಸಿದ ರೇಖಾಚಿತ್ರವೊಂದು ಕೆಲಸದ ಮೇಜಿನ ಮೇಲೆ ತೆರೆದುಕೊಂಡಿದ್ದು, ಎಣ್ಣೆ ಮೆತ್ತಿದ ಕೈಯಿಂದ ಮತ್ತೆ ಮತ್ತೆ ನೋಡಲು ಸಿಗುವುದು ಮುದ್ರಿತ ಪುಟದಲ್ಲಿಯೇ.

ಓದುಗರೆಲ್ಲರೂ ಒಂದೇ ಗುಂಪಿನವರು ಎಂದು ಭಾವಿಸಬೇಡಿ. 1950ರ ದಶಕದ ಮೊದಲು ಸಿಗುತ್ತಿದ್ದ ಭಾಗಗಳನ್ನು ಮಾತ್ರ ಬಳಸುವ ಸಂಪ್ರದಾಯನಿಷ್ಠರಿದ್ದಾರೆ. ಫೈಬರ್‌ಗ್ಲಾಸ್ ಬಾಡಿ, ಏರ್ ಕಂಡೀಷನ್ ಹಾಕಿಕೊಂಡು ದೂರ ಪ್ರಯಾಣ ಮಾಡುವವರಿದ್ದಾರೆ. 1997ರಲ್ಲಿ ಷೆವ್ರೊಲೆಟ್‌ನ ಕಾರ್ವೆಟ್ ಎಂಬ ಸ್ಪೋರ್ಟ್ಸ್ ಕಾರಿನ ಜೊತೆಗೆ ಬಂದ ಎಲ್‌ಎಸ್ ಕುಟುಂಬದ ಎಂಜಿನ್ನುಗಳನ್ನು ಗುಜರಿ ಅಂಗಡಿಯಿಂದ ತಂದು ಹಳೆಯ ಕಾರಿನಲ್ಲಿ ಕೂರಿಸುವ ಕಿರಿಯರಿದ್ದಾರೆ. ಎಲ್ಲರನ್ನೂ ಒಂದೇ ಸಂಚಿಕೆಯಲ್ಲಿ ಮೆಚ್ಚಿಸಲು ಹೊರಟ ಪತ್ರಿಕೆ ಪ್ರತಿಯೊಬ್ಬರಿಗೂ ನಾಲ್ಕು ಪುಟ ಕೊಟ್ಟು ಎಲ್ಲರನ್ನೂ ಹಸಿದವರನ್ನಾಗಿಯೇ ಕಳುಹಿಸುತ್ತದೆ. 2019ರ ಡಿಸೆಂಬರಿನಲ್ಲಿ ಒಂದೇ ಪ್ರಕಾಶನ ಸಂಸ್ಥೆ ತನ್ನ 22 ಮುದ್ರಿತ ಪತ್ರಿಕೆಗಳಲ್ಲಿ 19ನ್ನು ನಿಲ್ಲಿಸುವುದಾಗಿ ಪ್ರಕಟಿಸಿತು. ‘ಕಾರ್ ಕ್ರಾಫ್ಟ್’, ‘ಸ್ಟ್ರೀಟ್ ರಾಡರ್’ ಎರಡೂ ಅವುಗಳಲ್ಲಿ ಸೇರಿದ್ದವು. ಜಾಹೀರಾತಿನ ಹಣ ಇಂಟರ್ನೆಟ್ಟಿಗೆ ಹರಿದುಹೋದದ್ದು ಇಂತಹ ಪತ್ರಿಕೆಗಳಿಗೆ ದೊಡ್ಡ ಪೆಟ್ಟಾಯಿತು ಎಂಬುದು ನಿಜ. ಆದರೂ ಅದೇ ಕ್ಷೇತ್ರದಲ್ಲಿ 1994ರಲ್ಲಿ ಆರಂಭವಾದ ‘ದಿ ರಾಡರ್ಸ್ ಜರ್ನಲ್’ ದಪ್ಪ ಕಾಗದದಲ್ಲಿ, ಹೆಚ್ಚು ಬೆಲೆಗೆ, ತ್ರೈಮಾಸಿಕವಾಗಿ ಬಂದು, ಪುಸ್ತಕದಂತೆ ಕಾಪಾಡಿಕೊಳ್ಳುವ ಓದುಗರನ್ನು ಸಂಪಾದಿಸಿತು. ಆದ್ದರಿಂದ ಮಾಸಪತ್ರಿಕೆಯ ಬದಲು ವರ್ಷಕ್ಕೆ ನಾಲ್ಕು ಸಂಚಿಕೆಗಳು, ಪ್ರತಿ ಸಂಚಿಕೆಯಲ್ಲಿ ಕೆಲವೇ ಆಳವಾದ ಲೇಖನಗಳು ಎಂಬುದು ನನ್ನ ಸಲಹೆ.

ಭಾರತದಲ್ಲಿರುವ ಓದುಗರೂ ನಿಮಗೆ ಸಿಕ್ಕಾರು, ಆದರೆ ಅವರ ಸ್ಥಿತಿ ಬೇರೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರ ಮೂಲ ವಿವರಗಳಿಂದ ಬೇರೆಯಾಗುವಂತೆ ವಾಹನವನ್ನು ಬದಲಾಯಿಸುವುದನ್ನು ನಿರ್ಬಂಧಿಸುತ್ತದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಮತ್ತಷ್ಟು ಸ್ಪಷ್ಟಪಡಿಸಿದೆ. ಬೆಂಗಳೂರಿನಲ್ಲಿ ಕುಳಿತು ಓದುವವರು ಕಾರಿನ ಛಾವಣಿ ಕತ್ತರಿಸಿ ತಗ್ಗಿಸಲಾರರು. ಅವರಿಗೆ ಬೇಕಾದದ್ದು ಎಂಜಿನಿಯರಿಂಗಿನ ತಿಳಿವಳಿಕೆ. ಕೆಲಸದ ಕಾರಣಗಳನ್ನು ವಿವರಿಸುವ ಲೇಖನ ಅವರಿಗೂ ಉಪಯುಕ್ತವಾಗುತ್ತದೆ.

ಕೊನೆಯದಾಗಿ, ಪತ್ರಿಕೆಗೆ ತನ್ನದೇ ಆದ ಒಂದು ಕಾರು ಇರಲಿ. ‘ಪಾಪ್ಯುಲರ್ ಹಾಟ್ ರಾಡಿಂಗ್’ ಪತ್ರಿಕೆ 1965ರಲ್ಲಿ 250 ಡಾಲರಿಗೆ ಕೊಂಡ 1957ರ ಷೆವ್ರೊಲೆಟ್ ಕಾರು ‘ಪ್ರಾಜೆಕ್ಟ್ ಎಕ್ಸ್’ ಎಂಬ ಹೆಸರಿನಲ್ಲಿ ದಶಕಗಳ ಕಾಲ ಎಂಜಿನ್ ಮೇಲೆ ಎಂಜಿನ್ ಬದಲಾಯಿಸಿಕೊಳ್ಳುತ್ತಾ ಓದುಗರ ಜೊತೆಗೇ ಬೆಳೆಯಿತು. ಪತ್ರಿಕೆ 2014ರಲ್ಲಿ ನಿಂತ ಮೇಲೆಯೂ ಕಾರು ಉಳಿದು, 2021ರಲ್ಲಿ ವಿದ್ಯುತ್ ಮೋಟಾರಿನೊಂದಿಗೆ ಪ್ರದರ್ಶನಕ್ಕೆ ಬಂದಾಗ ಅದರ ಪರ-ವಿರೋಧವಾಗಿ ಜನರು ಬಿಸಿಯಾಗಿ ವಾದಿಸಿದರು. ನಿಮ್ಮ ಕಾರು ಅಷ್ಟು ಪ್ರಸಿದ್ಧವಾಗಬೇಕಿಲ್ಲ. ಅದು ಪ್ರತಿ ಸಂಚಿಕೆಯಲ್ಲಿ ಒಂದಿಷ್ಟು ಮುಂದುವರಿಯಬೇಕು, ಮುಗಿದ ಮೇಲೆ ಟ್ರೇಲರಿನ ಮೇಲೆ ಏರದೆ ಸ್ವಂತ ಚಕ್ರಗಳ ಮೇಲೆ ದೂರದ ಪ್ರಯಾಣ ಮಾಡಬೇಕು. ‘ಹಾಟ್ ರಾಡ್’ ಪತ್ರಿಕೆ 1995ರಲ್ಲಿ ಆರಂಭಿಸಿದ, ಕಾರುಗಳು ಗುಂಪಾಗಿ ದೂರ ಪ್ರಯಾಣ ಮಾಡುವ ಪವರ್ ಟೂರ್‌ಗೂ, ಓಟದ ಕಾರನ್ನೇ ಒಂದು ಓಟದ ಪಥದಿಂದ ಇನ್ನೊಂದಕ್ಕೆ ರಸ್ತೆಯ ಮೇಲೆ ಓಡಿಸಿಕೊಂಡು ಹೋಗಬೇಕಾದ 2005ರಿಂದಿನ ಡ್ರ್ಯಾಗ್ ವೀಕ್‌ಗೂ ಜನರ ಪ್ರೀತಿ ದೊರೆತದ್ದು ಅಲ್ಲಿ ಕಾರಿನ ನಿಜವಾದ ಪರೀಕ್ಷೆ ಎಲ್ಲರ ಎದುರಿಗೆ ನಡೆಯುತ್ತದೆ ಎಂಬ ಕಾರಣಕ್ಕೆ. ದಾರಿಯಲ್ಲಿ ಏನು ಮುರಿಯಿತು, ಅದನ್ನು ಯಾವ ಉಪಕರಣಗಳಿಂದ ಸರಿಪಡಿಸಿದಿರಿ ಎಂದು ಬರೆಯಿರಿ, ಮತ್ತು ಅದಕ್ಕಿಂತ ಒಳ್ಳೆಯ ದಾರಿ ತಿಳಿದ ಓದುಗರು ಬರೆದ ಪತ್ರಗಳಿಗೆ ಮುಂದಿನ ಸಂಚಿಕೆಯ ಮೊದಲ ಪುಟಗಳಲ್ಲಿಯೇ ಜಾಗ ಕೊಡಿ.